ನಿವಾಸಿಗಳ ಮಾತು ಯಾವ ಕಡತಕ್ಕೆ ಸೇರಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಪೂರ್ವ ಭಾಗದ ಒಂದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತ್ತು. 2024ರ ಬೇಸಿಗೆಯಲ್ಲಿ ಅದೇ ಮನೆಗಳವರು ಟ್ಯಾಂಕರಿಗಾಗಿ ಕಾಯುತ್ತ ಕೂತಿದ್ದರು. ಹವಾಮಾನ ಬದಲಾವಣೆಗೆ ನಗರವನ್ನು ಸಜ್ಜುಗೊಳಿಸುವ ಕುರಿತು ಕರೆದಿದ್ದ ಒಂದೆರಡು ಸಭೆಗಳಿಗೆ ಹೋಗಿ, ಬಣ್ಣದ ಚೀಟಿಗಳಲ್ಲಿ ಸಲಹೆ ಬರೆದು ಗೋಡೆಗೆ ಅಂಟಿಸಿ ಬಂದೆವು. ಆಮೇಲೆ ಏನಾಯಿತೆಂದು ಯಾರೂ ತಿಳಿಸಲಿಲ್ಲ. ನಗರ ಯೋಜನೆಯಲ್ಲಿ ನಿವಾಸಿಗಳ ಮಾತಿಗೆ ನಿಜವಾಗಿ ಸ್ಥಾನವಿದೆಯೇ? ಇದ್ದರೆ ಎಲ್ಲಿಂದ ಆರಂಭಿಸಬೇಕು? ನಮ್ಮ ಸಂಘವೊಂದೇ ಮಾತಾಡಿದರೆ ಸಾಕೇ?

ಉತ್ತರ: ಸ್ಥಾನವಿದೆ. ಆದರೆ ನೀವು ಚೀಟಿ ಅಂಟಿಸಿ ಬಂದ ಗೋಡೆ ಆ ಸ್ಥಾನವಲ್ಲ. ಅಂಥ ಸಭೆಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅವುಗಳನ್ನು ನಡೆಸುವವರಲ್ಲಿ ಹಲವರು ಪ್ರಾಮಾಣಿಕರು, ಅಲ್ಲಿ ಸಂಗ್ರಹವಾಗುವ ಮಾಹಿತಿಯೂ ಉಪಯುಕ್ತವೇ. ತೊಡಕಿರುವುದು ಬೇರೆಡೆ. ನಮ್ಮ ನಗರಗಳಲ್ಲಿ ಎರಡು ಬಗೆಯ ದಾಖಲೆಗಳಿವೆ: ಒಂದು ಸಂಕಲ್ಪವನ್ನು ಹೇಳುತ್ತದೆ, ಇನ್ನೊಂದು ಕಾನೂನಿನ ಬಲದಿಂದ ಕಟ್ಟುತ್ತದೆ. ನಿವಾಸಿಗಳನ್ನು ಆದರದಿಂದ ಕರೆಯುವುದು ಹೆಚ್ಚಾಗಿ ಮೊದಲನೆಯದಕ್ಕೆ, ನಿಮ್ಮ ಮನೆಗೆ ನೀರು ನುಗ್ಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಎರಡನೆಯದರಲ್ಲಿ.

ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆಯಾದದ್ದು 2023ರ ನವೆಂಬರಿನಲ್ಲಿ. ಇಂಧನ ಮತ್ತು ಕಟ್ಟಡಗಳು, ಸಾರಿಗೆ, ಘನತ್ಯಾಜ್ಯ, ವಾಯು ಗುಣಮಟ್ಟ, ನೀರು ಮತ್ತು ಮಳೆನೀರು, ಹಸಿರು ಹಾಗೂ ನಗರ ಯೋಜನೆ, ವಿಪತ್ತು ನಿರ್ವಹಣೆ ಎಂಬ ಏಳು ವಿಭಾಗಗಳಲ್ಲಿ ಅದು ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿ, 2050ರೊಳಗೆ ನಗರದ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವ ಗುರಿಯನ್ನಿಟ್ಟುಕೊಂಡಿದೆ. ಓದಬೇಕಾದ ದಾಖಲೆ ಅದು. ಆದರೆ ಒಂದು ಸರ್ವೆ ನಂಬರಿನಲ್ಲಿ ಕಟ್ಟಡ ಏಳಬಹುದೇ, ಎಷ್ಟು ಅಂತಸ್ತು ಏಳಬಹುದು, ಕಾಲುವೆಯಿಂದ ಎಷ್ಟು ದೂರ ಬಿಡಬೇಕು ಎಂಬುದನ್ನು ಅದು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ರೂಪುಗೊಂಡ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲ್ಯಾನ್, ಮತ್ತು ಅದಕ್ಕೆ ಲಗತ್ತಾದ ವಲಯ ನಿಯಮಾವಳಿ. ಈ ಎರಡು ದಾಖಲೆಗಳ ನಡುವೆ ತಾನಾಗಿಯೇ ಏರ್ಪಡುವ ಸೇತುವೆ ಯಾವುದೂ ಇಲ್ಲ. ಹವಾಮಾನ ಯೋಜನೆಯಲ್ಲಿ ಬರೆದದ್ದನ್ನು ಮಹಾಯೋಜನೆಯ ಷರತ್ತಾಗಿಯೋ ಪಾಲಿಕೆಯ ಆಯವ್ಯಯದ ಬಾಬ್ತಾಗಿಯೋ ಯಾರಾದರೂ ಪಟ್ಟು ಹಿಡಿದು ಬರೆಸಬೇಕು. ನಿವಾಸಿಗಳ ಪಾಲುಗಾರಿಕೆ ಎಂದರೆ ನನ್ನ ಮಟ್ಟಿಗೆ ಮುಖ್ಯವಾಗಿ ಈ ಬರೆಸುವ ಕೆಲಸ.

ಇದು ತೀರಾ ಕಾಗದದ ಮಾತೆನಿಸಿದರೆ ಕೆರೆಗಳ ಮೀಸಲು ಅಂಚಿನ, ಅಂದರೆ ಸುತ್ತ ಏನನ್ನೂ ಕಟ್ಟದೆ ಬಿಡಬೇಕಾದ ಜಾಗದ, ಕತೆಯನ್ನು ನೋಡಿ. 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಹಾಯೋಜನೆ-2015 ಕೆರೆಗಳ ಸುತ್ತ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆ) 50, ದ್ವಿತೀಯ ಹಂತದ ಕಾಲುವೆಗೆ 25, ತೃತೀಯ ಹಂತದ್ದಕ್ಕೆ 15 ಮೀಟರ್ ಮೀಸಲು ವಲಯವನ್ನು ಗೊತ್ತುಮಾಡಿತ್ತು. ಬೆಳ್ಳಂದೂರು ಮತ್ತು ಅಗರ ಕೆರೆಗಳ ನಡುವಿನ ನಿರ್ಮಾಣಗಳನ್ನು ಪ್ರಶ್ನಿಸಿ ನಾಗರಿಕರು ಹೋರಾಡಿದ ಫಲವಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಕೆರೆಗಳ ಅಂಚನ್ನು 75 ಮೀಟರಿಗೆ ಏರಿಸಿತು. ಊರೆಲ್ಲ ಗೆದ್ದೆವೆಂದುಕೊಂಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದುಪಡಿಸಿತು. ಶಾಸನದ ಅಡಿಯಲ್ಲಿ ರೂಪುಗೊಂಡ ಮಹಾಯೋಜನೆಯ ಅಳತೆಯನ್ನು ನ್ಯಾಯಮಂಡಳಿ ತನ್ನ ಆದೇಶದ ಮೂಲಕ ಬದಲಿಸಲಾಗದು ಎಂಬುದು ಅದರ ತಿರುಳು. ಅಳತೆ ಮತ್ತೆ 30 ಮೀಟರಿಗೆ ಇಳಿಯಿತು. ಕೆರೆಯಂಗಳದ ಅಂಚು ಎಷ್ಟಿದ್ದರೆ ಪ್ರವಾಹ ತಗ್ಗುತ್ತದೆ ಎಂಬ ವಿಜ್ಞಾನದ ಪ್ರಶ್ನೆಗಿಂತ, ಮಹಾಯೋಜನೆಯಲ್ಲಿ ಏನು ಬರೆದಿದೆ ಎಂಬ ಪ್ರಶ್ನೆಯೇ ಕೊನೆಯಲ್ಲಿ ಗೆದ್ದಿತು. ಆ ಅಳತೆಯನ್ನು ಬರೆಯುವ ಹೊತ್ತಿನಲ್ಲಿ, ಅಂದರೆ 2005–07ರ ಸುಮಾರಿಗೆ, ಇಂದಿನ ನಿವಾಸಿಗಳಲ್ಲಿ ಅನೇಕರು ಆ ಪ್ರದೇಶಕ್ಕೆ ಬಂದೇ ಇರಲಿಲ್ಲ.

ಹಾಗಾದರೆ ಮುಂದಿನ ಮಹಾಯೋಜನೆ ಯಾವಾಗ? 2031ನ್ನು ಗುರಿಯಾಗಿಟ್ಟುಕೊಂಡ ಕರಡನ್ನು 2017ರ ನವೆಂಬರಿನಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಅರವತ್ತು ದಿನ ಕೊಡಲಾಗಿತ್ತು. ಸಾವಿರಾರು ಆಕ್ಷೇಪಣೆಗಳು ಬಂದವು. ಆ ಕರಡು ಜಾರಿಗೆ ಬರಲೇ ಇಲ್ಲ, ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೀಗಾಗಿ ನಗರ ಈ ಹೊತ್ತಿಗೂ ಹಳೆಯ ಮಹಾಯೋಜನೆಯ ನೆರಳಿನಲ್ಲೇ ಬೆಳೆಯುತ್ತಿದೆ. ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು, 2025ರ ಸೆಪ್ಟೆಂಬರಿನಿಂದ ಒಂದೇ ಪಾಲಿಕೆಯ ಬದಲು ಐದು ಪಾಲಿಕೆಗಳಿವೆ. ಅವುಗಳ ಮೇಲೆ ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಹೊಸ ಕಾಯ್ದೆಯು ನಗರ ಯೋಜನೆಯ ಹೊಣೆಯನ್ನು ಆ ಪ್ರಾಧಿಕಾರಕ್ಕೆ ವಹಿಸುತ್ತದೆ. ಹೊಸ ಕರಡು ಎಂದಾದರೂ ಬರಲೇಬೇಕು. ಬಂದಾಗ ಸಿಗುವ ಅವಧಿ ಅರವತ್ತು ದಿನವೇ. ನೂರಾರು ಪುಟಗಳ ದಾಖಲೆ, ಹತ್ತಾರು ನಕ್ಷೆಗಳು, ನೌಕರಿ ಮುಗಿಸಿ ಸಂಜೆ ಸೇರುವ ಐದಾರು ಜನ: ಈ ಲೆಕ್ಕದಲ್ಲಿ ಅರವತ್ತು ದಿನ ಏನೇನೂ ಅಲ್ಲ. ಆದ್ದರಿಂದ ಕರಡು ಬರುವುದಕ್ಕೆ ಮೊದಲೇ ನಿಮ್ಮ ಪ್ರದೇಶದ ಕಡತವನ್ನು ಸಿದ್ಧಪಡಿಸಿಟ್ಟುಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಕರಡು ಬಂದ ದಿನ ನೀವು ಮಾಡಬೇಕಾದದ್ದು ಹೋಲಿಸಿ ನೋಡುವ ಕೆಲಸ ಮಾತ್ರವಾಗಿರಬೇಕು.

ಆ ಕಡತದಲ್ಲಿ ಏನಿರಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಬಹುತೇಕ ಸಂಘಗಳು ಸೋಲುವುದು ಇಲ್ಲಿಯೇ. "ನಮ್ಮ ಪ್ರದೇಶದಲ್ಲಿ ಹಸಿರು ಹೆಚ್ಚಬೇಕು, ಕೆರೆ ಉಳಿಯಬೇಕು" ಎಂದು ಬರೆದ ಆಕ್ಷೇಪಣೆಯನ್ನು ಅಧಿಕಾರಿ "ಪರಿಗಣಿಸಲಾಗಿದೆ" ಎಂಬ ಒಂದೇ ಪದದಲ್ಲಿ ಮುಗಿಸಬಹುದು. ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಗ್ರಾಮ ನಕ್ಷೆಯ ಪ್ರಕಾರ ಹಳ್ಳ ಹಾದುಹೋಗುತ್ತದೆ, ಕರಡು ನಕ್ಷೆಯಲ್ಲಿ ಆ ಹಳ್ಳವೇ ಕಾಣುವುದಿಲ್ಲ, ಆ ಜಾಗವನ್ನು ವಸತಿ ವಲಯವೆಂದು ಬಣ್ಣ ಬಳಿಯಲಾಗಿದೆ ಎಂದು ಬರೆದರೆ, ಆತ ಹೌದು ಅಥವಾ ಇಲ್ಲ ಎಂದೇ ಹೇಳಬೇಕಾಗುತ್ತದೆ. ಇದಕ್ಕೆ ಬೇಕಾದ ಸಾಮಗ್ರಿ ದುಬಾರಿಯದ್ದಲ್ಲ. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಗಳಲ್ಲಿ ಕೆರೆ, ಕಾಲುವೆ, ಗುಂಡುತೋಪು, ಗೋಮಾಳ, ಬಂಡಿದಾರಿಗಳೆಲ್ಲ ಗುರುತಾಗಿವೆ. ಸಾರ್ವಜನಿಕ ಬಳಕೆಗೆಂದು ಬಿಟ್ಟ ಬಿ ಖರಾಬು ಜಮೀನು ಎಲ್ಲಿದೆ ಎಂಬುದು ದಾಖಲೆಗಳಲ್ಲಿ ಸಿಗುತ್ತದೆ. ನೀವು ನಿಂತಿರುವ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಕೈಯಲ್ಲೇ ತೋರಿಸುತ್ತದೆ. ಮಳೆ ಬಂದ ದಿನ ನಿಮ್ಮ ಸಮೀಪದ ಮಳೆಮಾಪಕದಲ್ಲಿ ಎಷ್ಟು ಮಿಲಿಮೀಟರ್ ದಾಖಲಾಯಿತೆಂಬುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಯಿಂದ ದೊರೆಯುತ್ತದೆ. ಅದರ ಪಕ್ಕದಲ್ಲಿ, ಅಂದು ನೀರು ಯಾವ ದಿಕ್ಕಿನಿಂದ ಬಂತು, ಗೋಡೆಯಲ್ಲಿ ಎಷ್ಟು ಎತ್ತರಕ್ಕೆ ಏರಿತು, ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ನೀವೇ ಬರೆದಿಟ್ಟರೆ, ಅಂಥ ದಾಖಲೆ ಯಾವ ಸಲಹಾ ಸಂಸ್ಥೆಯ ಬಳಿಯೂ ಇರುವುದಿಲ್ಲ.

ಈ ಕೆಲಸ ಮಾಡುತ್ತ ಹೋದಂತೆ ಒಂದು ಸಂಗತಿ ನಿಮಗೇ ಹೊಳೆಯುತ್ತದೆ: ನಿಮ್ಮ ಬಡಾವಣೆ ಅಥವಾ ನಿಮ್ಮ ವಾರ್ಡ್ ಈ ಸಮಸ್ಯೆಯ ಸರಿಯಾದ ಘಟಕವಲ್ಲ. ಬೆಂಗಳೂರಿನ ನೆಲ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಾಗಿ ಇಳಿಯುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಹೋಗುವಂತೆ ನಮ್ಮ ಹಿರಿಯರು ಏರಿ, ತೂಬು, ಕೋಡಿಗಳನ್ನು ಕಟ್ಟಿದ್ದರು. ಊರಿಗೊಬ್ಬ ನೀರುಗಂಟಿ ಅದನ್ನು ನೋಡಿಕೊಳ್ಳುತ್ತಿದ್ದ. ನಿಮ್ಮ ಮನೆಗೆ ನುಗ್ಗಿದ ನೀರು ಮೇಲಿನ ಇನ್ನಾರದೋ ಬಡಾವಣೆಯಲ್ಲಿ ಮುಚ್ಚಿಹೋದ ಕಾಲುವೆಯ ನೀರು. ನೀವು ಒತ್ತಾಯ ಮಾಡಿ ಅಗಲ ಮಾಡಿಸುವ ನಿಮ್ಮ ಚರಂಡಿ, ಕೆಳಗಿನವರ ಮನೆಗೆ ಅದೇ ನೀರನ್ನು ಇನ್ನಷ್ಟು ವೇಗವಾಗಿ ಕಳಿಸಬಹುದು. ಬೆಂಗಳೂರಿನಲ್ಲಿ ನಿವಾಸಿಗಳ ಒತ್ತಡದಿಂದ ಆದ ಹಲವು ಕಾಲುವೆ ಕಾಮಗಾರಿಗಳು ತೊಂದರೆಯನ್ನು ಕೆಳಕ್ಕೆ ತಳ್ಳಿದವೇ ಹೊರತು ಕಡಿಮೆ ಮಾಡಲಿಲ್ಲ ಎಂಬ ನಿಷ್ಠುರದ ಮಾತನ್ನು ಇಲ್ಲಿ ಹೇಳಲೇಬೇಕು. ಆದ್ದರಿಂದ ನಿಮ್ಮ ಸಂಘ ಕೈಜೋಡಿಸಬೇಕಾದದ್ದು ಪಕ್ಕದ ಬಡಾವಣೆಯ ಸಂಘದೊಡನೆ ಮಾತ್ರವಲ್ಲ, ಅದೇ ಕಾಲುವೆಯ ಮೇಲಿನವರು ಮತ್ತು ಕೆಳಗಿನವರೊಡನೆ. ಮನವಿಯೂ ಕಾಲುವೆಯ ಹೆಸರಿನಲ್ಲೇ ಹೋಗಲಿ.

ಪ್ರವಾಹ ಮತ್ತು ಬರವನ್ನು ಒಂದೇ ಮನವಿಯಲ್ಲಿ ಸೇರಿಸಲು ಹಿಂಜರಿಯಬೇಡಿ. ಇಲಾಖೆಗಳು ಅವನ್ನು ಬೇರೆಬೇರೆಯಾಗಿ ನೋಡುತ್ತವೆ: ಮಳೆನೀರು ಕಾಲುವೆ ಪಾಲಿಕೆಯದು, ಕುಡಿಯುವ ನೀರು ಜಲಮಂಡಳಿಯದು. 2022ರಲ್ಲಿ ಹರಿದುಹೋದ ನೀರೇ 2024ರಲ್ಲಿ ನಿಮಗೆ ಇಲ್ಲದೇ ಹೋದ ನೀರು. ನಗರದ ಅಂಚಿನ 110 ಹಳ್ಳಿಗಳು 2007ರಲ್ಲಿ ಪಾಲಿಕೆಗೆ ಸೇರಿದರೂ ಕಾವೇರಿ ಐದನೇ ಹಂತದ ನೀರು ಹರಿದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟೂ ವರ್ಷ ಆ ಭಾಗ ಬದುಕಿದ್ದು ಕೊಳವೆಬಾವಿಗಳ ಮೇಲೆ. ಕಾಂಕ್ರೀಟು ಹೊದ್ದ ನೆಲದಲ್ಲಿ ನೀರು ಇಂಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತೇ. ಮಳೆನೀರು ಸಂಗ್ರಹವನ್ನು ನಗರದಲ್ಲಿ 2009ರಿಂದಲೇ ಕಡ್ಡಾಯಗೊಳಿಸಲಾಗಿದೆ. ಇಂಗುಬಾವಿ ತೋಡುವ ಮಣ್ಣು ವಡ್ಡರ ಕುಟುಂಬಗಳು ಇನ್ನೂ ಇದೇ ನಗರದ ಆಸುಪಾಸಿನಲ್ಲಿವೆ, ನೆಲದ ಯಾವ ಪದರದಲ್ಲಿ ನೀರು ಇಂಗುತ್ತದೆಂಬ ಅವರ ತಿಳಿವಳಿಕೆ ಪುಸ್ತಕದ್ದಲ್ಲ. ಅವರೊಬ್ಬರನ್ನು ಕರೆದುಕೊಂಡು ಬಡಾವಣೆಯನ್ನೊಮ್ಮೆ ಸುತ್ತಿದರೆ ಯಾವ ಉದ್ಯಾನದಲ್ಲಿ, ಯಾವ ರಸ್ತೆಯ ಅಂಚಿನಲ್ಲಿ ಇಂಗುಬಾವಿ ಆಗುತ್ತದೆಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿ ನಿಮ್ಮ ಕಡತದ ಅತ್ಯಂತ ಅಗ್ಗದ, ಅತ್ಯಂತ ಬೇಗ ಫಲ ಕೊಡುವ ಪುಟವಾಗಬಹುದು.

ಇನ್ನು ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 243ಎಸ್ ವಿಧಿ ಹೇಳಿತು. ಮಹಾನಗರ ಯೋಜನಾ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಮೂರನೇ ಎರಡರಷ್ಟಾದರೂ ಜನಪ್ರತಿನಿಧಿಗಳೇ ತಮ್ಮೊಳಗಿನಿಂದ ಆರಿಸಿ ಕಳಿಸಿದವರಾಗಿರಬೇಕು ಎಂದು 243ಝಡ್‌ಇ ಹೇಳಿತು. ಬೆಂಗಳೂರಿನಲ್ಲಿ ಆ ಮಹಾನಗರ ಸಮಿತಿ ಕಾಗದದ ಮೇಲೆ ರೂಪುಗೊಳ್ಳಲು ಎರಡು ದಶಕ ಹಿಡಿಯಿತು. ವಾರ್ಡ್ ಸಮಿತಿಗಳಿಗೆ ಜೀವ ಬಂದದ್ದು ಕಸದ ಪ್ರಕರಣದಲ್ಲಿ ಹೈಕೋರ್ಟ್ ಮತ್ತೆಮತ್ತೆ ಗದರಿದ ಮೇಲೆ. ಆ ಬಳಿಕ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಸಮಿತಿ ಸಭೆಗಳನ್ನು ಅಧಿಕಾರಿಗಳೇ ನಡೆಸುವಂತಾಯಿತು. ಕಾರ್ಪೊರೇಟರ್ ಇಲ್ಲದ ವಾರ್ಡ್ ಸಮಿತಿಯಲ್ಲಿ ನಿವಾಸಿ ಹೇಳಬಹುದು, ಅಧಿಕಾರಿ ಕೇಳಬಹುದು, ಆದರೆ ಮುಂದಿನ ಚುನಾವಣೆಯಲ್ಲಿ ಲೆಕ್ಕ ಕೊಡಬೇಕಾದವರು ಆ ಕೊಠಡಿಯಲ್ಲಿ ಯಾರೂ ಇರುವುದಿಲ್ಲ. ನಾಗರಿಕ ಸಂಘಟನೆಗಳು ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಚುನಾಯಿತ ಪ್ರತಿನಿಧಿಯ ಜಾಗವನ್ನು ತುಂಬಲಾರವು. ಪಾಲಿಕೆ ಚುನಾವಣೆಗೂ ಹವಾಮಾನಕ್ಕೂ ಏನು ಸಂಬಂಧ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಿದರೆ, ಹೂಳೆತ್ತುವ ಗುತ್ತಿಗೆಯ ಅಂದಾಜು ಪಟ್ಟಿಯನ್ನು ಕಳೆದ ಸಲ ಯಾವ ಚುನಾಯಿತ ಸಭೆ ಚರ್ಚಿಸಿತ್ತು ಎಂದು ಮರುಪ್ರಶ್ನೆ ಹಾಕಿ.

ನಿವಾಸಿಗಳು ಮಾಡಿ ತೋರಿಸಿದ್ದು ಕಾನೂನಾದ ಉದಾಹರಣೆಯೂ ಇದೇ ನಗರದಲ್ಲಿದೆ. 2012ರ ಸುಮಾರಿಗೆ ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜಾಗ ಮುಚ್ಚಿ, ಬೀದಿಗಳಲ್ಲಿ ಕಸ ಗುಡ್ಡೆಬಿದ್ದಾಗ, ಕೆಲವು ಅಪಾರ್ಟ್‌ಮೆಂಟುಗಳ ಮತ್ತು ವಾರ್ಡುಗಳ ಮಹಿಳೆಯರು ಮನೆಯಲ್ಲೇ ಹಸಿಕಸ, ಒಣಕಸ, ಅಪಾಯಕಾರಿ ಕಸವನ್ನು ಬೇರೆ ಮಾಡುವ ಪದ್ಧತಿಯನ್ನು ಪ್ರಯೋಗಿಸಿ ನೋಡಿದರು. ಎರಡು ಬುಟ್ಟಿ, ಒಂದು ಚೀಲ. ಸಾಧ್ಯವಿಲ್ಲ ಎನ್ನುತ್ತಿದ್ದ ಅಧಿಕಾರಿಗಳೆದುರು ಸಾಧ್ಯವಾದ ಬೀದಿಗಳನ್ನು ತೋರಿಸಿದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನೇ ಇಡೀ ನಗರಕ್ಕೆ ಅನ್ವಯಿಸುವಂತೆ ಆದೇಶಿಸಿತು. ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುವುದರಲ್ಲಿ ಹಸಿರು ದಳದಂಥ ಸಂಘಟನೆಯ ಮೂಲಕ ಕಸ ಆಯುವವರೇ ಪಾಲುದಾರರಾದರು. ಕೊಳೆಯುವ ಕಸದ ಗುಡ್ಡೆ ಮೀಥೇನ್ ಉಗುಳುತ್ತದೆಂಬುದನ್ನು ನೋಡಿದರೆ ಇದು ಹವಾಮಾನದ ಕೆಲಸವೇ. ಅವರು ಅದನ್ನು ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ. ಪಾಲನೆ ಇಂದಿಗೂ ಪೂರ್ಣವಾಗಿಲ್ಲ. ಆದರೆ ಕಸ ಬೇರೆ ಮಾಡದಿದ್ದರೆ ತಪ್ಪು ಎನ್ನುವ ನಿಯಮವೊಂದು ಇದೆ, ಅದರ ಮೊದಲ ಕರಡು ಅಡುಗೆಮನೆಗಳಲ್ಲಿ ತಯಾರಾದದ್ದು.

ವಿರೋಧಿಸಿ ತಡೆಯುವುದೂ ಪಾಲುಗಾರಿಕೆಯೇ ಎಂದು ನಿಮ್ಮಲ್ಲಿ ಕೆಲವರು ವಾದಿಸಬಹುದು. ಖಂಡಿತ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು ₹1,791 ಕೋಟಿಯ ಉಕ್ಕಿನ ಮೇಲ್ಸೇತುವೆಯ ಪ್ರಸ್ತಾವ ಬಂದು, ಅದಕ್ಕಾಗಿ 812 ಮರಗಳು ಹೋಗಲಿವೆ ಎಂದಾಗ, ಅಕ್ಟೋಬರಿನಲ್ಲಿ ಸಾವಿರಾರು ಜನ ರಸ್ತೆಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆ ಗೆಲುವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದೇ ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ವರೆಗೆ ಕೆಲವೇ ವರ್ಷಗಳಲ್ಲಿ ಸುರಂಗ ರಸ್ತೆಯ ಪ್ರಸ್ತಾವ ತಲೆಯೆತ್ತಿದ್ದನ್ನು ನೋಡಿದ್ದೀರಿ. ಖಾಸಗಿ ವಾಹನಗಳಿಗೆ ಇನ್ನಷ್ಟು ದಾರಿ ಮಾಡಿಕೊಡುವುದೇ ಸಾರಿಗೆಯ ಪರಿಹಾರ ಎಂಬ ಮೂಲ ತಿಳಿವಳಿಕೆ ಯೋಜನೆಯ ಪುಟಗಳಲ್ಲಿ ಹಾಗೆಯೇ ಉಳಿದಿರುವಾಗ, ಒಂದು ರೂಪವನ್ನು ತಡೆದರೆ ಅದು ಇನ್ನೊಂದು ರೂಪದಲ್ಲಿ ಬರುತ್ತದೆ. ಮೇಲ್ಸೇತುವೆಯನ್ನು ವಿರೋಧಿಸಿದ ಕಾಲದಲ್ಲೇ "ಚುಕುಬುಕು ಬೇಕು" ಎಂದು ಉಪನಗರ ರೈಲಿಗಾಗಿ ಜನ ಎತ್ತಿದ ಕೂಗು ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ, ಏಕೆಂದರೆ ಅದು ಬೇಕಾದದ್ದನ್ನು ಹೆಸರಿಟ್ಟು ಕೇಳಿತು. 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿ, 2022ರಲ್ಲಿ ಅಡಿಗಲ್ಲು ಬಿದ್ದಿತು. ಕೆಲಸದ ವೇಗ ನಿರಾಶೆ ತರಿಸುವಂಥದ್ದು, ಆದರೆ 148 ಕಿಲೋಮೀಟರಿನ ಆ ಜಾಲ ಈಗ ಮಂಜೂರಾದ ಕಾಗದದಲ್ಲಿದೆ.

ಮರಗಳ ವಿಷಯಕ್ಕೆ ಬಂದರೆ, ಸಾರ್ವಜನಿಕ ಕಾಮಗಾರಿಗಾಗಿ ಐವತ್ತಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ಜನರ ಆಕ್ಷೇಪಣೆ ಕೇಳಬೇಕೆಂದು ರಾಜ್ಯದ ಮರ ಸಂರಕ್ಷಣಾ ಕಾಯ್ದೆಯಲ್ಲಿಯೇ ಇದೆ. ಪ್ರಕಟಣೆಗಳ ಮೇಲೆ ಕಣ್ಣಿಡಲು ನಿಮ್ಮ ಸಂಘದಲ್ಲಿ ಒಬ್ಬರಿಗೆ ಹೊಣೆ ಕೊಡಿ, ಅಷ್ಟು ಸಾಕು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಲ್ಲ, ನಿಮ್ಮ ಸಂಘವೊಂದೇ ಸಾಲದು. ಮನೆ ಮಾಲೀಕರ ಸಂಘಗಳು ತಮ್ಮನ್ನು ತಾವು "ನಾಗರಿಕರು" ಎಂದು ಕರೆದುಕೊಳ್ಳುವ ರೂಢಿ ನಮ್ಮ ನಗರಗಳಲ್ಲಿ ಬೇರೂರಿದೆ. ಬಾಡಿಗೆದಾರರು, ನಿಮ್ಮ ಮನೆಗೆಲಸಕ್ಕೆ ಬರುವವರು, ಕಾಲುವೆಯ ದಂಡೆಯ ಶೆಡ್ಡುಗಳಲ್ಲಿ ಇರುವ ಕಟ್ಟಡ ಕಾರ್ಮಿಕರು, ತಳ್ಳುಗಾಡಿಯವರು, ಬಿಸಿಲಲ್ಲಿ ಊಟ ಹೊತ್ತು ತರುವ ಡೆಲಿವರಿ ಹುಡುಗರು ಅದರೊಳಗೆ ಸೇರುವುದಿಲ್ಲ. ಮಳೆಗೂ ಬಿಸಿಲಿಗೂ ಮೊದಲು ಸಿಕ್ಕುವವರು ಅವರೇ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ ಮುಟ್ಟಿದ ದಿನ, ತಗಡಿನ ಮಾಡಿನ ಕೆಳಗೆ ಎಷ್ಟಿತ್ತೆಂದು ನಿಮ್ಮ ಯಾವ ಸಭೆಯಲ್ಲಾದರೂ ಚರ್ಚೆಯಾಯಿತೇ? ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ನೂರಾರು ಜೀವಗಳು ಹೋದ ಮೇಲೆ 2013ರಲ್ಲಿ ದೇಶದ ಮೊದಲ ನಗರ ಶಾಖ ಕ್ರಿಯಾ ಯೋಜನೆ ಬಂತು. ಅಲ್ಲಿನ ಬಡ ಬಡಾವಣೆಗಳಲ್ಲಿ ಮಹಿಳೆಯರ ಗುಂಪುಗಳು ಮಾಡಿಗೆ ಬಿಳಿ ಬಣ್ಣ ಬಳಿಸಿ ಮನೆಯೊಳಗಿನ ಬೇಗೆ ಇಳಿಸುವ ಕೆಲಸವನ್ನು ಮುಂದೆ ನಿಂತು ಮಾಡಿದವು. ಮಾಡಿನ ಕೆಳಗೆ ಹಗಲಿಡೀ ಇರುವವರು ಹೇಳದಿದ್ದರೆ ಆ ಪರಿಹಾರ ಯಾರಿಗೂ ಮುಖ್ಯವೆನಿಸುತ್ತಿರಲಿಲ್ಲ.

ಎಲ್ಲರನ್ನೂ ಸೇರಿಸಿಕೊಂಡರೆ ಯೋಜನೆಯೇ ಬೇರೆಯಾಗುತ್ತದೆ ಎಂಬುದಕ್ಕೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ನಿಮ್ಮ ಹತ್ತಿರದಲ್ಲೇ ಇದೆ. 2009ರ ನಂತರ ಅಲ್ಲಿನ ನಿವಾಸಿಗಳು, ಪಾಲಿಕೆಯ ಎಂಜಿನಿಯರುಗಳು ಮತ್ತು ಪರಿಸರ ತಜ್ಞರು ಒಟ್ಟಿಗೆ ಕೂತು ಕೆರೆಯ ಪುನಶ್ಚೇತನಕ್ಕೆ ರೂಪ ಕೊಟ್ಟರು. ವಾಯುವಿಹಾರದ ಹಾದಿಯಷ್ಟೇ ಬೇಕೆನ್ನುವವರ ಮಾತು ಮಾತ್ರ ನಡೆದಿದ್ದರೆ ಸುತ್ತ ಬೇಲಿ ಹಾಕಿ ಹುಲ್ಲುಹಾಸು ಮಾಡಿ ಮುಗಿಸಬಹುದಿತ್ತು. ದನಗಳಿಗೆ ಹುಲ್ಲು ಕೊಯ್ಯುವ ಹಳ್ಳಿಯವರಿಗೂ ಅಲ್ಲಿ ಅವಕಾಶ ಉಳಿಯಿತು. ಹುಲ್ಲು ಕೊಯ್ಯುವವರಿಂದ ಕೆರೆಗೂ ಉಪಕಾರವೇ ಆಗುತ್ತದೆ. ಇನ್ನು ವಾರ್ಡಿನ ಗಡಿಯ ಆಚೆಯವರ ಮಾತು: ನಗರದ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಮಂಡೂರಿನಲ್ಲಿ. ಆ ಊರಿನವರು ನಗರದ ಯಾವ ವಾರ್ಡಿನ ಮತದಾರರೂ ಆಗಿರಲಿಲ್ಲ, ಲಾರಿಗಳನ್ನು ತಡೆದು ಪ್ರತಿಭಟಿಸಿದ ಮೇಲೆ 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ನಗರ ಯೋಜನೆಯ ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲ.

ವಿದೇಶಗಳ ನಾಗರಿಕ ಹವಾಮಾನ ಸಭೆಗಳ ಬಗ್ಗೆ ನೀವು ಓದಿರಬಹುದು. ಫ್ರಾನ್ಸಿನಲ್ಲಿ 2019–20ರಲ್ಲಿ ಚೀಟಿ ಎತ್ತಿ ಆರಿಸಿದ 150 ಜನಸಾಮಾನ್ಯರು ತಿಂಗಳುಗಟ್ಟಲೆ ತಜ್ಞರೊಡನೆ ಕೂತು 149 ಪ್ರಸ್ತಾವಗಳನ್ನು ಕೊಟ್ಟರು. ಲಾಟರಿಯಿಂದ ಆರಿಸುವ ಪದ್ಧತಿ ನನಗೆ ಮೆಚ್ಚುಗೆಯೇ, ಏಕೆಂದರೆ ಯಾವಾಗಲೂ ಸಭೆಗೆ ಬರುವ ನಾಲ್ಕು ಜನರನ್ನು ಅದು ಪಕ್ಕಕ್ಕಿಡುತ್ತದೆ. ಆದರೆ ಅಲ್ಲಿಯೂ 2021ರ ಕಾನೂನಿನಲ್ಲಿ ಹಲವು ಪ್ರಸ್ತಾವಗಳು ತೆಳುವಾದವು ಎಂದು ಭಾಗವಹಿಸಿದವರೇ ಅಸಮಾಧಾನ ಸೂಚಿಸಿದರು. ಅದಕ್ಕೆ ಹೋಲಿಸಿದರೆ 2006ರ ಸುಮಾರಿನಿಂದ ಪುಣೆಯ ಪಾಲಿಕೆ ನಡೆಸಿಕೊಂಡು ಬಂದಿರುವ ಪದ್ಧತಿ ಬಹಳ ಸರಳ: ನಿವಾಸಿಗಳು ತಮ್ಮ ಪ್ರದೇಶದ ಸಣ್ಣ ಕಾಮಗಾರಿಗಳನ್ನು ಅರ್ಜಿಯಲ್ಲಿ ಸೂಚಿಸುತ್ತಾರೆ, ಒಪ್ಪಿಗೆಯಾದವು ಆಯವ್ಯಯದ ಪುಸ್ತಕದಲ್ಲಿ ಅಚ್ಚಾಗುತ್ತವೆ. ಕಾಲುದಾರಿ, ಬೀದಿದೀಪಗಳಂಥ ಚಿಕ್ಕ ಕೆಲಸಗಳೇ ಹೆಚ್ಚೆಂಬ ಟೀಕೆ ಅದರ ಮೇಲಿದೆ. ಆದರೂ ಅಚ್ಚಾದ ಸಾಲಿನ ಬಗ್ಗೆ ಮುಂದಿನ ವರ್ಷ ಪ್ರಶ್ನೆ ಕೇಳಬಹುದು.

ನಿಮ್ಮ ಚೀಟಿಗಳಿಗೆ ಉತ್ತರ ಬರಲಿಲ್ಲ ಎಂದಿರಿ. ಚೀಟಿಗೆ ಉತ್ತರ ಕೊಡುವ ಹೊಣೆ ಯಾರಿಗೂ ಇಲ್ಲ, ಅರ್ಜಿಗೆ ಇದೆ. ಆದ್ದರಿಂದ ಸಭೆಯಲ್ಲಿ ಹೇಳಿದ್ದನ್ನೆಲ್ಲ ಅದೇ ವಾರ ಮನವಿಯಾಗಿ ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಸಭೆಯ ನಡಾವಳಿಯ ಪ್ರತಿ ಕೇಳಿ. ಹಿಂಬರಹ, ಅಂದರೆ ಮನವಿಗೆ ಕಚೇರಿಯ ಲಿಖಿತ ಉತ್ತರ, ಕೇಳಿ. ಮಾಹಿತಿ ಹಕ್ಕು ಕಾಯ್ದೆ, 2005 ಎಂದರೆ ಅರ್ಜಿ ಹಾಕಿ ತಿಂಗಳು ಕಾಯುವ ಕಾಯ್ದೆ ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ಅದರ 4ನೇ ಪ್ರಕರಣವು, ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ತಾನಾಗಿ ಪ್ರಕಟಿಸಬೇಕು, ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣವನ್ನು ಬಾಧಿತರಿಗೆ ಕೊಡಬೇಕು ಎಂದು ಸಾರ್ವಜನಿಕ ಪ್ರಾಧಿಕಾರಗಳ ಮೇಲೆ ಹೊಣೆ ಹೊರಿಸುತ್ತದೆ. ನಿಮ್ಮ ಆಕ್ಷೇಪಣೆಯನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಲಿಖಿತವಾಗಿ ಕೇಳುವಾಗ ಈ ಪ್ರಕರಣವನ್ನು ಉಲ್ಲೇಖಿಸಿ. ತಿರಸ್ಕಾರದ ಕಾರಣ ಕಾಗದದ ಮೇಲೆ ಬಂದರೆ ಅದರ ವಿರುದ್ಧ ಮುಂದೆ ಹೋಗಬಹುದು. ಮೌನದ ವಿರುದ್ಧ ಹೋಗುವುದು ಕಷ್ಟ.

ಕೆಲಸದ ಕ್ರಮವನ್ನೂ ಹೇಳಿಬಿಡುತ್ತೇನೆ. ಪಾಲಿಕೆಗಳ ಆಯವ್ಯಯ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ ಮಂಡನೆಯಾಗುತ್ತದೆ, ಆದರೆ ಕಾಮಗಾರಿಗಳ ಪಟ್ಟಿ ಅದಕ್ಕೆ ಎರಡು ಮೂರು ತಿಂಗಳ ಮುಂಚೆಯೇ ವಾರ್ಡ್ ಎಂಜಿನಿಯರುಗಳ ಮೇಜಿನ ಮೇಲೆ ರೂಪುಗೊಳ್ಳುತ್ತದೆ. ಮುಂಗಾರು ಜೂನಿನಲ್ಲಿ, ಬೆಂಗಳೂರಿಗೆ ಜೋರು ಮಳೆ ಆಗಸ್ಟ್‌ನಿಂದ ಅಕ್ಟೋಬರಿನೊಳಗೆ. ಆದ್ದರಿಂದ ಈ ಮಳೆಗಾಲದಲ್ಲಿ ನೀರಿನ ಗುರುತುಗಳನ್ನು ಬರೆದಿಟ್ಟುಕೊಂಡು, ನವೆಂಬರಿನಲ್ಲಿ ಕಾಲುವೆಯ ಮೇಲಿನವರು ಮತ್ತು ಕೆಳಗಿನವರೊಡನೆ ಕೂತು, ಡಿಸೆಂಬರ್ ಮುಗಿಯುವುದರೊಳಗೆ ಜಂಟಿ ಮನವಿಯನ್ನು ಪಾಲಿಕೆಗೂ ಜಲಮಂಡಳಿಗೂ ಒಂದೇ ದಿನ ಕೊಡಿ. ಹತ್ತು ಬೇಡಿಕೆ ಬೇಡ. ಯಾವ ಸರ್ವೆ ನಂಬರಿನಿಂದ ಯಾವ ಸರ್ವೆ ನಂಬರಿನವರೆಗೆ ಕಾಲುವೆಯ ಅಳತೆ ಮಾಡಬೇಕು, ಯಾವ ಉದ್ಯಾನಗಳಲ್ಲಿ ಇಂಗುಬಾವಿ ತೋಡಬೇಕು, ಹೂಳೆತ್ತುವುದು ಯಾವ ತಿಂಗಳೊಳಗೆ ಮುಗಿಯಬೇಕು ಎಂಬ ಮೂರು ಇದ್ದರೆ ಸಾಕು. ಸಹಿಗಳಲ್ಲಿ ಬಾಡಿಗೆದಾರರ, ಶೆಡ್ಡಿನವರ ಹೆಸರುಗಳೂ ಇರಲಿ. ಅದೇ ಮನವಿಯ ಒಂದು ಪ್ರತಿಯನ್ನು ನಕ್ಷೆಯ ಸಮೇತ ಮಹಾಯೋಜನೆಯ ಕಡತಕ್ಕೆಂದು ಎತ್ತಿಡಿ.